ಕಿಡ್ನಿಯ ಮೇಲೊಂದು ಗಂಟು: ಸಿಟಿ ಸ್ಕ್ಯಾನ್ ಹೇಗೆ ಗುರುತಿಸುತ್ತದೆ?

ಉಮರ್ಗಾ, ನಿಲಂಗಾ, ಉದಗೀರ ಭಾಗದ ವಿದ್ಯಾರ್ಥಿಗಳೇ, ಹೊಟ್ಟೆನೋವೆಂದು ಲಾತೂರಿಗೋ ಸೋಲಾಪುರಕ್ಕೋ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿಕೊಂಡವರು ನಿಮ್ಮ ಓಣಿಯಲ್ಲೂ ಇರಬಹುದು. ಕೆಲವೊಮ್ಮೆ ಹುಡುಕೋದು ಕಿಡ್ನಿ ಕಲ್ಲು, ಸಿಗೋದು ಅಡ್ರಿನಲ್ ಗ್ರಂಥಿಯಲ್ಲೊಂದು ಗಂಟು. ಗಂಟು ಅಂದ ಕೂಡಲೇ ಮನೆಮಂದಿಗೆಲ್ಲ ಕ್ಯಾನ್ಸರಿನ ಭಯ. ಆದರೆ ಹೀಗೆ ಅಕಸ್ಮಾತ್ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಅಡಿನೋಮಾ, ಅಂದರೆ ಕ್ಯಾನ್ಸರ್ ಅಲ್ಲದವು. ಕೊಯ್ಯದೆಯೇ ಅದನ್ನು ತಿಳಿಯೋದು ಹೇಗೆ?

ಅಡ್ರಿನಲ್ ಗ್ರಂಥಿಗಳು ಎರಡು. ಒಂದೊಂದು ಕಿಡ್ನಿಯ ತಲೆಯ ಮೇಲೆ ಟೊಪ್ಪಿಗೆಯಂತೆ ಒಂದೊಂದು. ತೂಕ ಸುಮಾರು 4-5 ಗ್ರಾಂ. ಒಳಭಾಗ ಅಡ್ರಿನಲಿನ್ ತಯಾರಿಸುತ್ತದೆ. ಹೊರಭಾಗ ಕಾರ್ಟಿಸಾಲ್‌ನಂಥ ಹಾರ್ಮೋನುಗಳನ್ನು ಕೊಲೆಸ್ಟ್ರಾಲ್‌ನಿಂದ ತಯಾರಿಸುತ್ತದೆ. ಹೊರಭಾಗದಲ್ಲಿ ಹುಟ್ಟುವ ಅಡಿನೋಮಾದ ಜೀವಕೋಶಗಳಲ್ಲಿ ಕೊಬ್ಬು ತುಂಬಿರುವುದು ಇದರಿಂದಲೇ. ನಮಗೆ ಸಿಗುವ ಸುಳಿವೂ ಇದೇ.

ಎಣ್ಣೆ ನೀರಿನ ಮೇಲೆ ತೇಲುತ್ತದಲ್ಲ? ಕೊಬ್ಬಿನ ಸಾಂದ್ರತೆ ನೀರಿಗಿಂತ ಕಡಿಮೆ. ಎಕ್ಸ್-ಕಿರಣವೂ ಕೊಬ್ಬಿನೊಳಗಿಂದ ಸುಲಭವಾಗಿ ಹಾದುಹೋಗುತ್ತದೆ. ಎಷ್ಟು ತಡೆಯಿತು ಎಂಬುದನ್ನು ಸಿಟಿ ಯಂತ್ರ ಸಂಖ್ಯೆಯಲ್ಲಿ ಹೇಳುತ್ತದೆ: ನೀರಿಗೆ 0, ಗಾಳಿಗೆ -1000, ಕೊಬ್ಬಿಗೆ ಸುಮಾರು -100. ಗಣಿತದ ಸಂಖ್ಯಾರೇಖೆ ಇಲ್ಲಿ ಕೆಲಸಕ್ಕೆ ಬಂತು ನೋಡಿ! ಈ ಮಾನಕ್ಕೆ ಹೌನ್ಸ್‌ಫೀಲ್ಡ್ ಎಂದು ಹೆಸರು. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರದಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆದದ್ದು 1971ರಲ್ಲಿ, ಲಂಡನ್ನಿನಲ್ಲಿ. 1979ರ ನೊಬೆಲ್ ಪ್ರಶಸ್ತಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ಸೇರಿ ಬಂತು.

ಔಷಧ ಕೊಡದೆ ತೆಗೆದ ಸ್ಕ್ಯಾನಿನಲ್ಲಿ ಗಂಟು ಎಲ್ಲ ಕಡೆ ಒಂದೇ ಸಮ ಇದ್ದು, ಸಂಖ್ಯೆ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಕ್ಯಾನ್ಸರ್ ಅಲ್ಲವೆಂದು ವೈದ್ಯರು ನಂಬುತ್ತಾರೆ. ಗಂಟಿನೊಳಗೆ ಸ್ಪಷ್ಟವಾಗಿ ಋಣಸಂಖ್ಯೆಯ ಕೊಬ್ಬೇ ಕಂಡರೆ ಅದು ಮೈಲೋಲಿಪೋಮಾ. ಅದೂ ಕ್ಯಾನ್ಸರ್ ಅಲ್ಲ. 4 ಸೆಂ.ಮೀ.ಗಿಂತ ದೊಡ್ಡದಾಗಿ, ಒಳಗೆ ಏರುಪೇರಾಗಿದ್ದರೆ ಮಾತ್ರ ಅನುಮಾನ ಹೆಚ್ಚು.

ತೊಡಕು ಇಲ್ಲಿದೆ. ಸುಮಾರು ಮೂರರಲ್ಲೊಂದು ಅಡಿನೋಮಾದಲ್ಲಿ ಕೊಬ್ಬು ಕಡಿಮೆ, ಸಂಖ್ಯೆ 10 ದಾಟುತ್ತದೆ. ಆಗ ಅಯೋಡಿನ್ ಇರುವ ದ್ರವವನ್ನು ರಕ್ತನಾಳಕ್ಕೆ ಕೊಟ್ಟು ಒಮ್ಮೆ, 15 ನಿಮಿಷದ ನಂತರ ಇನ್ನೊಮ್ಮೆ ಸ್ಕ್ಯಾನ್ ಮಾಡಬಹುದು. ಅಡಿನೋಮಾ ದ್ರವವನ್ನು ಬೇಗ ಹೀರಿ ಬೇಗ ಬಿಡುತ್ತದೆ. ಲೆಕ್ಕ ಮಾಡೋಣ: ಮೊದಲು 30, ದ್ರವ ಕೊಟ್ಟ ಮೇಲೆ 100, 15 ನಿಮಿಷಕ್ಕೆ 50. ಏರಿದ್ದು 70, ಇಳಿದದ್ದು 50, ಅಂದರೆ ಶೇ. 71. ಶೇ. 60 ದಾಟಿದರೆ ಅಡಿನೋಮಾ ಇರಬಹುದು. "ಇರಬಹುದು" ಎಂದದ್ದು ಬೇಕೆಂತಲೇ, ಯಾಕಂದ್ರೆ ಫಿಯೋಕ್ರೋಮೋಸೈಟೋಮಾ ಕೂಡ ಕೆಲವೊಮ್ಮೆ ಹೀಗೇ ನಟಿಸುತ್ತದೆ. ಅದು ಒಳಭಾಗದ ಗಂಟು. ಅಡ್ರಿನಲಿನ್‌ನಂಥ ಹಾರ್ಮೋನು ಸುರಿಸಿ ರಕ್ತದೊತ್ತಡವನ್ನು ಒಮ್ಮೆಲೇ ಏರಿಸಬಲ್ಲದು. ಮುಟ್ಟಿದರೆ ಜೀವಕ್ಕೇ ಅಪಾಯ.

ನಮ್ಮ ದೇಶದಲ್ಲಿ ಇನ್ನೊಂದು ಮಾತೂ ಇದೆ. ಕ್ಷಯರೋಗವೂ, ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕೂ ಅಡ್ರಿನಲ್ ಗ್ರಂಥಿಗಳನ್ನು, ಹೆಚ್ಚಾಗಿ ಎರಡನ್ನೂ, ಊದಿಸುತ್ತವೆ. ಸಿಟಿಯಲ್ಲಿ ಇವು ಕ್ಯಾನ್ಸರಿನಂತೆಯೇ ಕಾಣಬಹುದು. ಖಚಿತ ಮಾಡಲು ಸೂಜಿ ಹಾಕಿ ತುಣುಕು ತೆಗೆಯಬೇಕಾದೀತು. ಆದರೆ ಅದಕ್ಕೂ ಮೊದಲು ರಕ್ತ ಅಥವಾ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷಿಸಿ, ಗಂಟು ಫಿಯೋಕ್ರೋಮೋಸೈಟೋಮಾ ಅಲ್ಲವೆಂದು ತಿಳಿದುಕೊಂಡೇ ವೈದ್ಯರು ಸೂಜಿ ಎತ್ತುತ್ತಾರೆ.