ಸಸ್ಯಕೋಶಗಳಲ್ಲಿ ಲೋಹದ ಸೂಕ್ಷ್ಮಕಣಗಳು

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ಕಾಣದವರು ನಮ್ಮಲ್ಲಿ ವಿರಳ. ಎಪ್ಪತ್ತು ಗಿರಿಗಳಿಗಿಂತ ಈ ಒಂದು ಗಿರಿ ಮೇಲೆಂದು ಹಿರಿಯರು ಹೇಳುವರು. ಅದರ ಒಡಲಲ್ಲಿ ಬಂಗಾರವಿದೆ. ಮೈಮೇಲೆ ಔಷಧಿಯ ಗಿಡಗಳಿವೆ. ಲೋಹಕ್ಕೂ ಗಿಡಕ್ಕೂ ಏನು ನಂಟು? ಇಂದಿನ ವಿಜ್ಞಾನವು ಇದಕ್ಕೆ ಕುತೂಹಲಕರವಾದ ಉತ್ತರವನ್ನು ಕೊಡುತ್ತದೆ.

ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರು ಎಂದು ಹೆಸರು. 1ರಿಂದ 100 ನ್ಯಾನೋಮೀಟರಿನಷ್ಟು ಗಾತ್ರದ ಕಣಗಳೇ ನ್ಯಾನೋಕಣಗಳು. ಇಷ್ಟು ಸಣ್ಣದಾದಾಗ ಲೋಹದ ಗುಣವೇ ಬದಲಾಗುವುದು. ನೀರಿನಲ್ಲಿ ತೇಲುವ ಇಂಥ ಬಂಗಾರವು ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿ ತೋರುವುದು. ಮೈಕೇಲ್ ಫ್ಯಾರಡೆಯು ಇದನ್ನು 1857ರಲ್ಲಿಯೇ ವಿವರಿಸಿದ್ದನು. ಬೆಳ್ಳಿಯ ಕಣಗಳು ರೋಗಾಣುಗಳನ್ನು ಕೊಲ್ಲುವುದರಿಂದ ಗಾಯದ ಪಟ್ಟಿಗಳಲ್ಲಿ ಬಳಕೆಗೆ ಬಂದಿವೆ.

ಇವುಗಳ ತಯಾರಿಕೆಗೆ ಸಾಮಾನ್ಯವಾಗಿ ತೀಕ್ಷ್ಣವಾದ ರಾಸಾಯನಿಕಗಳು ಬೇಕು. ಸಸ್ಯವು ಅದೇ ಕೆಲಸವನ್ನು ಸೌಮ್ಯವಾಗಿ ಮಾಡಬಲ್ಲದು. ಸಿಲ್ವರ್ ನೈಟ್ರೇಟಿನ ದ್ರಾವಣಕ್ಕೆ ಎಲೆಯ ಕಷಾಯವನ್ನು ಬೆರೆಸಿದರೆ, ಅದರಲ್ಲಿರುವ ಫೀನಾಲು, ಸಕ್ಕರೆ ಮೊದಲಾದವು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನುಗಳನ್ನು ಕೊಡುತ್ತವೆ. ಅಯಾನುಗಳು ಪರಮಾಣುಗಳಾಗಿ, ಪರಮಾಣುಗಳು ಗುಂಪುಗೂಡಿ ಕಣಗಳಾಗುತ್ತವೆ. ಪ್ರೋಟೀನು ಮೊದಲಾದ ವಸ್ತುಗಳು ಕಣದ ಸುತ್ತ ಕವಚದಂತೆ ನಿಂತು, ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ದ್ರಾವಣವು ಕಂದುಬಣ್ಣಕ್ಕೆ ತಿರುಗುವುದೇ ಇದರ ಕುರುಹು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯ ಸಂಶೋಧಕರು ಬೇವಿನೆಲೆಯ ಕಷಾಯದಿಂದ ಬೆಳ್ಳಿ, ಬಂಗಾರಗಳೆರಡರ ಕಣಗಳನ್ನೂ ಪಡೆದು 2004ರಲ್ಲಿ ಪ್ರಕಟಿಸಿದರು.

ಆದರೆ ಎಲೆಯ ಸತ್ತ್ವವು ಮಳೆ, ಮಣ್ಣು, ಋತುಗಳಿಗೆ ತಕ್ಕಂತೆ ಬದಲಾಗುವುದು. ಆದುದರಿಂದ ಕೋಶಕೃಷಿಯ ಮಾರ್ಗವಿದೆ. ಗಿಡದ ಒಂದು ಚೂರನ್ನು ಶುದ್ಧಗೊಳಿಸಿ ಸಕ್ಕರೆ, ಲವಣ, ಬೆಳವಣಿಗೆಯ ಹಾರ್ಮೋನುಗಳುಳ್ಳ ಆಹಾರದ ಮೇಲಿಟ್ಟರೆ ಕೋಶಗಳ ಮುದ್ದೆ ಬೆಳೆಯುವುದು. ಅದನ್ನು ದ್ರವಾಹಾರದಲ್ಲಿ ಅಲುಗಾಡಿಸುತ್ತ ಬೆಳೆಸಿದರೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಗುಣದ ಕೋಶಗಳು ದೊರೆಯುವುವು. ಕ್ಲೊರೆಲ್ಲದಂಥ ಏಕಕೋಶದ ಪಾಚಿಗೆ ಬೆಳಕು, ಗಾಳಿ, ಲವಣಗಳಿದ್ದರೆ ಸಾಕು. ತೊಡಕುಗಳೂ ಇಲ್ಲದಿಲ್ಲ. ಬೆಳ್ಳಿಯು ಹೆಚ್ಚಾದರೆ ಕೋಶಕ್ಕೇ ವಿಷ. ಕೋಶದೊಳಗೆ ಹುಟ್ಟಿದ ಕಣಗಳನ್ನು ಹೊರತೆಗೆಯುವುದು ಕಷ್ಟ. ಗಾತ್ರವೆಲ್ಲ ಒಂದೇ ಸಮನಾಗಿರುವುದು ಇನ್ನೂ ಕಷ್ಟ.

ಹೀಗಿದ್ದರೂ ನಮ್ಮ ನಾಡಿಗೆ ಈ ಮಾರ್ಗದ ಮಹತ್ವ ಬೇರೆಯೇ ಆಗಿದೆ. ಜನರ ಹೋರಾಟದ ಫಲವಾಗಿ 2017ರಲ್ಲಿ ಕಪ್ಪತಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನವು ಮರಳಿ ದೊರೆಯಿತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಿಡಗಳ ಗುಣವನ್ನು ಅರಿಯುವ ಹಂಬಲದಿಂದ ಗಿಡಗಳನ್ನೇ ಬೇರುಸಹಿತ ಕಿತ್ತರೆ ಆ ಹೋರಾಟಕ್ಕೆ ಅರ್ಥವೇನು? ಅನುಮತಿ ಪಡೆದು ತಂದ ಒಂದು ಚೂರಿನಿಂದ ಗಾಜಿನ ಪಾತ್ರೆಯಲ್ಲಿ ಸಾವಿರ ಸಲ ಕೋಶಗಳನ್ನು ಬೆಳೆಸಬಹುದಾದರೆ, ಗುಡ್ಡದ ಗಿಡವು ಗುಡ್ಡದಲ್ಲಿಯೇ ಉಳಿಯುವುದು. ವಿದ್ಯೆಯೂ ಬೆಳೆಯಲಿ, ಗಿರಿಯೂ ಹಸುರಾಗಿರಲಿ.