ಕೃತಕ ಕಣ್ಣಿನ ಹಿಂದಿನ ಗೋಳ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಮಳೆಗಾಲ ಬಲಿಯುವ ಮುನ್ನ ಕೊಳೆರೋಗದ ತಡೆಗಾಗಿ ಬೋರ್ಡೋ ದ್ರಾವಣವನ್ನು ಹೊಡೆಯುವುದು ವಾಡಿಕೆ. ಅದಕ್ಕೆ ಮೈಲುತುತ್ತದೊಡನೆ ಬೆರೆಸುವ ಸುಣ್ಣ ಕ್ಷಾರ; ಕಣ್ಣಿಗೆ ಸಿಡಿದರೆ ಆಳಕ್ಕೆ ಇಳಿದು ಸುಡುತ್ತದೆ. ಒಡನೆಯೇ ಶುದ್ಧವಾದ ನೀರಿನಿಂದ ಅರ್ಧ ಗಂಟೆಯಾದರೂ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಕೊಯ್ಲಿನ ಕಾಲದಲ್ಲಿ ಭತ್ತದ ಎಲೆಯೋ ಹೊಟ್ಟೋ ತಗುಲಿದ ಗಾಯದಲ್ಲಿ ಬೂಷ್ಟು ಬೆಳೆದು ಕಣ್ಣು ಕೆಡುವುದೂ ಉಂಟು. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಕೆಲವೊಮ್ಮೆ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗುತ್ತದೆ. ಬರಿದಾದ ಆ ಗೂಡಿನಲ್ಲಿ ಏನನ್ನು ಇಡುತ್ತಾರೆ?

ಕೃತಕ ಕಣ್ಣೆಂದರೆ ಗಾಜಿನ ಗೋಲಿಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದರಲ್ಲಿ ಎರಡು ಭಾಗಗಳುಂಟು. ಹೊರಗೆ ಕಾಣುವುದು ಬಣ್ಣ ಬರೆದ ಚಿಪ್ಪು. ಅದನ್ನು ತೆಗೆದು ತೊಳೆಯಬಹುದು. ಅದರ ಹಿಂದೆ, ಮಾಂಸದೊಳಗೆ ಹೂತು ಹೊಲಿದಿರುವುದು ಒಂದು ಗೋಳ. ಇದರಿಂದ ನೋಟವೇನೋ ಮರಳದು. ಆದರೆ ಗೋಳವಿಲ್ಲದಿದ್ದರೆ ರೆಪ್ಪೆ ಒಳಕ್ಕೆ ಕುಸಿಯುತ್ತದೆ. ಎಳೆಯ ಮಕ್ಕಳಲ್ಲಿ ಕಣ್ಣಿನ ಗೂಡಿನ ಎಲುಬೇ ಸರಿಯಾಗಿ ಬೆಳೆಯದೆ ಮುಖದ ಒಂದು ಮಗ್ಗುಲು ಚಿಕ್ಕದಾಗಿ ಉಳಿಯಬಹುದು.

ವಯಸ್ಕರ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್, ಘನಫಲ ಸುಮಾರು 7 ಘನ ಸೆಂಟಿಮೀಟರ್. 20 ಮಿಲಿಮೀಟರ್ ವ್ಯಾಸದ ಗೋಳದ ಘನಫಲ 4.2, 22 ಮಿಲಿಮೀಟರಿನದು 5.6. ಎರಡೇ ಮಿಲಿಮೀಟರಿಗೆ ಮೂರನೆಯ ಒಂದು ಪಾಲು ಹೆಚ್ಚು! ಓದುಗರು ಸೂತ್ರ ಹಾಕಿ ನೋಡಬಹುದು. ಗೋಳ ಕಿರಿದಾದರೆ ಉಳಿದ ಜಾಗವನ್ನು ಚಿಪ್ಪೇ ತುಂಬಬೇಕು. ದಪ್ಪನೆಯ ಚಿಪ್ಪಿನ ಭಾರ ಕೆಳರೆಪ್ಪೆಯನ್ನು ಜಗ್ಗುತ್ತದೆ.

1885ರ ಹೊತ್ತಿಗೆ ಇಂಗ್ಲೆಂಡಿನ ವೈದ್ಯ ಮ್ಯೂಲ್ಸ್ ಕಣ್ಣಿನ ಒಳಭಾಗವನ್ನು ಬರಿದುಮಾಡಿ, ಹೊರಗಿನ ಬಿಳಿಯ ಪದರದೊಳಗೆ ಟೊಳ್ಳು ಗಾಜಿನ ಗೋಳವನ್ನು ಇರಿಸಿದನು. ಗಾಜು ಒಡೆಯುವ ವಸ್ತು. ಮುಂದೆ ಅಕ್ರಿಲಿಕ್, ಸಿಲಿಕೋನ್‌ಗಳು ಬಂದುವು. ದೇಹವು ಇವನ್ನು ಸಹಿಸುತ್ತದೆಯೇ ಹೊರತು ತನ್ನೊಳಗೆ ಬೆಸೆದುಕೊಳ್ಳದು. ವರ್ಷಗಳ ತರುವಾಯ ಗೋಳ ಜಾರಬಹುದು.

ಮಲೆನಾಡಿನ ಹಳೆಯ ಬಾವಿಗಳ ಜಂಬಿಟ್ಟಿಗೆ ಕಲ್ಲನ್ನು ನಾವು ನೋಡಿದ್ದೇವೆ. ಅದರ ತೂತುಗಳಲ್ಲಿ ಜರಿಗಿಡ ಬೇರುಬಿಟ್ಟರೆ ಕಿತ್ತರೂ ಬಾರದು. ರಂಧ್ರಮಯ ಗೋಳಗಳ ತತ್ತ್ವವೂ ಇದೇ. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಪೆರಿ ಸಮುದ್ರದ ಹವಳವನ್ನು ಆರಿಸಿಕೊಂಡನು. ಹವಳದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಶಾಖ, ಒತ್ತಡಗಳಲ್ಲಿ ಫಾಸ್ಫೇಟಿನೊಡನೆ ವರ್ತಿಸಗೊಟ್ಟರೆ ನಮ್ಮ ಎಲುಬಿನ ಖನಿಜವಾದ ಹೈಡ್ರಾಕ್ಸಿ ಅಪಟೈಟ್ ಆಗುತ್ತದೆ. ರಂಧ್ರಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಸುಮಾರು ಅರ್ಧ ಮಿಲಿಮೀಟರ್ ಅಗಲದ ಆ ರಂಧ್ರಗಳೊಳಕ್ಕೆ ರಕ್ತನಾಳಗಳು ಹಬ್ಬುತ್ತವೆ. ಆದರೆ ಮೈ ಒರಟು. ಮೇಲಿನ ತೆಳುಪೊರೆ ಸವೆದು ಗೋಳ ಹೊರಗೆ ಕಾಣದಂತೆ ಹೊದಿಕೆ ಬೇಕು. ರಂಧ್ರಯುಕ್ತ ಪಾಲಿಥೀನ್ ಇದಕ್ಕಿಂತ ನಯ. ಸ್ನಾಯುಗಳನ್ನು ನೇರವಾಗಿ ಅದಕ್ಕೇ ಹೊಲಿಯಬಹುದು.

ಗೋಳಕ್ಕೆ ಮೊಳೆಯೊಂದನ್ನು ಕೂಡಿಸಿ ಚಿಪ್ಪಿಗೆ ಸೇರಿಸಿದರೆ ಚಲನೆ ಹೆಚ್ಚುತ್ತದೆ, ಸೋಂಕಿನ ಭಯವೂ ಹೆಚ್ಚುತ್ತದೆ. ಆದುದರಿಂದ ಈಗ ಆ ಪದ್ಧತಿ ವಿರಳ. ಮೊಳೆಯಿಲ್ಲದಿದ್ದರೆ ಬೆಲೆಯುಳ್ಳ ಹವಳದ ಗೋಳಕ್ಕೂ, ಹೊದಿಕೆ ಹಾಕಿ ಸ್ನಾಯುಗಳನ್ನು ಹೊಲಿದ ಅಗ್ಗದ ಅಕ್ರಿಲಿಕ್ ಗೋಳಕ್ಕೂ ಚಲನೆಯಲ್ಲಿ ಹೆಚ್ಚಿನ ಅಂತರವಿಲ್ಲ. ಬಡವನಿಗೆ ಇದು ಸಣ್ಣ ಸಂಗತಿಯಲ್ಲ.

ಗಾಯ ಮಾಗಲು ಆರರಿಂದ ಎಂಟು ವಾರ ಬೇಕು. ಅನಂತರ ಅಚ್ಚು ತೆಗೆದು ಅಕ್ರಿಲಿಕ್ ಚಿಪ್ಪನ್ನು ಮಾಡುತ್ತಾರೆ. ಮತ್ತೊಂದು ಕಣ್ಣನ್ನು ನೋಡಿ ಪಾಪೆಯ ಬಣ್ಣ ಬರೆದು, ಬಿಳಿಯ ಭಾಗದಲ್ಲಿ ರಕ್ತನಾಳಗಳಿಗಾಗಿ ಕೆಂಪು ರೇಷ್ಮೆಯ ಎಳೆಗಳನ್ನು ಅಂಟಿಸುತ್ತಾರೆ.