ಮದುವೆ ನಿಂತರೂ ಮಗುವಿನ ಖರ್ಚು ನಿಲ್ಲುವುದಿಲ್ಲ

ಕೆದಂಬಾಡಿ, ತಿಂಗಳಾಡಿ ಕಡೆಯಿಂದ ಮಗುವಿನ ಜೀವನಾಂಶ ಕೇಳಿಕೊಂಡು ಪುತ್ತೂರಿನ ಕೋರ್ಟಿಗೆ ಬರುವ ಹೆಂಗಸರ ಜೊತೆ ಕಾನೂನು ನೆರವಿನ ಸ್ವಯಂಸೇವಕಿಯಾಗಿ ಓಡಾಡುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ದಾಖಲೆ ಜೋಡಿಸಿಕೊಡುವುದು, ವಕೀಲರ ಮಾತನ್ನು ಮನೆಮಾತಿನಲ್ಲಿ ತಿಳಿಸುವುದು, ಕರೆ ಬರುವವರೆಗೆ ಮಗುವನ್ನು ಎತ್ತಿಕೊಂಡು ಕೂರುವುದು, ಇಷ್ಟೇ ನನ್ನ ಕೆಲಸ.

1. ಮದುವೆಯ ಪಂಚಾತಿಕೆ ಮುಗಿಯಲಿ ಎಂದು ಕಾಯಬಾರದು.

ಮದುವೆಗೆ ಮೊದಲೇ ಮಗುವಾದರೆ, ಹುಡುಗನ ಮನೆಯವರನ್ನು ಒಪ್ಪಿಸಿ ಮದುವೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಊರಿನ ಹಿರಿಯರ ಹಾಗೆ ನಾನೂ ನಂಬಿದ್ದೆ. ಬೀಡಿ ಕಟ್ಟಿ ಬದುಕುತ್ತಿದ್ದ ಒಬ್ಬಳಿಗೆ "ಸ್ವಲ್ಪ ತಡಿ, ಕೇಸು ಹಾಕಿದರೆ ಅವರ ಮನಸ್ಸು ಇನ್ನೂ ಗಟ್ಟಿಯಾಗುತ್ತದೆ" ಎಂದವಳು ನಾನೇ. ಮಾತುಕತೆ ಅಡಿಕೆ ಕೊಯ್ಲು ಆಗಲಿ, ದೈವದ ನೇಮ ಮುಗಿಯಲಿ ಎಂದು ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಹುಡುಗ ಗಲ್ಫಿಗೆ ಹೋದ, ಮಗು ನಡೆಯಲು ಕಲಿಯಿತು.

ಕಾನೂನಿನಲ್ಲಿ ಮದುವೆಗೂ ಮಗುವಿನ ಜೀವನಾಂಶಕ್ಕೂ ಗಂಟು ಹಾಕಿಯೇ ಇಲ್ಲ. ಜೀವನಾಂಶಕ್ಕೆ ಹಿಂದೆ ಇದ್ದದ್ದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ಇರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ತಂದೆತಾಯಿಗೆ ಮದುವೆ ಆಗಿರಲಿ, ಆಗದಿರಲಿ, ಶಕ್ತನಾದ ತಂದೆ ಮಗುವಿಗೆ ಜೀವನಾಂಶ ಕೊಡಲೇಬೇಕು. ಕೇಸು ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೇಳಬಹುದು. ನೋಟಿಸು ತಲುಪಿದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಆ ಅರ್ಜಿ ತೀರ್ಮಾನವಾಗಬೇಕು. 2020ರ ರಜನೇಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಬೇಕು ಎಂದಿತು. ಇದು ತಿಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ಮಾತು ಕೇಳಿ ಕಾದ ಅಷ್ಟೂ ತಿಂಗಳ ಹಾಲು, ಮದ್ದಿನ ಖರ್ಚು ಅವಳ ಬೀಡಿ ದುಡ್ಡಿನಿಂದಲೇ ಹೋಗಿತ್ತು.

2. ಛಾಪಾ ಕಾಗದ ಬರೆಸಿಕೊಟ್ಟು ಮಗುವಿನ ಹಕ್ಕನ್ನು ತೀರಿಸಲಾಗದು.

ಇಂತಿಷ್ಟು ದುಡ್ಡು ಒಮ್ಮೆಗೇ ಕೊಟ್ಟು "ಇನ್ನು ಮುಂದೆ ಏನೂ ಕೇಳುವುದಿಲ್ಲ" ಎಂದು ತಾಯಿಯ ಸಹಿ ಹಾಕಿಸುವ ರೂಢಿಯಿದೆ. ತನ್ನ ಹಕ್ಕಿನ ಮಾತು ಏನೇ ಇರಲಿ, ಮಗುವಿನದನ್ನು ಅವಳು ಬಿಟ್ಟುಕೊಡಲಾರಳು. ಸಹಿ ಹಾಕಿ ಆಗಿದೆ ಎಂದು ಹೆದರಿ ಮನೆಯಲ್ಲೇ ಉಳಿದವರು ಆ ಕಾಗದ ಹಿಡಿದುಕೊಂಡೇ ವಕೀಲರ ಹತ್ತಿರ ಬರಲಿ.

3. ಡಿಎನ್‌ಎ ಒಂದನ್ನೇ ನೆಚ್ಚಿಕೊಂಡು ಕೂರಬೇಡಿ.

2025ರಲ್ಲಿ ಮಗುವಿನ ತಂದೆ ಯಾರೆಂಬ ಪುತ್ತೂರಿನದೇ ಒಂದು ಪ್ರಕರಣ ರಾಜ್ಯವಿಡೀ ಸುದ್ದಿಯಾದ ಮೇಲೆ ಬಂದವರೆಲ್ಲ ಮೊದಲು ಕೇಳುವುದು ಡಿಎನ್‌ಎ ಪರೀಕ್ಷೆಯನ್ನೇ. ಕೇಳಿದ ಕೂಡಲೇ ಪರೀಕ್ಷೆಗೆ ಆದೇಶ ಸಿಗುವುದಿಲ್ಲ. ಮೇಲ್ನೋಟಕ್ಕೆ ಬಲವಾದ ಕಾರಣ ಇರಬೇಕು ಎಂದು 1993ರ ಗೌತಮ್ ಕುಂಡು ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆ ಕಾರಣವನ್ನು ತೋರಿಸಿಕೊಡುವುದು ವಾಟ್ಸಾಪ್ ಸಂದೇಶ, ಫೋಟೋ, ಫೋನ್‌ಪೇಯಲ್ಲಿ ಬಂದ ದುಡ್ಡು, ಆಸ್ಪತ್ರೆಯ ಚೀಟಿ. ಸಿಟ್ಟಿನಲ್ಲಿ ಎಲ್ಲ ಅಳಿಸಿ, ಸಿಮ್ ಮುರಿದು ಬರುವವರನ್ನು ಕಂಡರೆ ಜೀವ ಹಿಂಡುತ್ತದೆ. ನ್ಯಾಯಾಲಯ ಆದೇಶಿಸಿದ ಮೇಲೂ ಆತ ರಕ್ತ ಕೊಡದಿದ್ದರೆ, ಆ ನಿರಾಕರಣೆಯನ್ನೇ ಅವನ ವಿರುದ್ಧ ಪರಿಗಣಿಸಬಹುದು.

ತಾಯಿಗೆ ಬೇರೊಬ್ಬನ ಜೊತೆ ಮದುವೆಯಾಗಿದ್ದರೆ ಮಾತ್ರ ದಾರಿ ಕಷ್ಟದ್ದು. ಮದುವೆಯ ಅವಧಿಯಲ್ಲಿ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ಹಿಡಿಯುತ್ತದೆ. ಕೇರಳದ ಒಂದು ಜೀವನಾಂಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಮಗುವಿನ ಕಡೆಯಿಂದ ನೋಡಿದರೆ ಇದು ಸರಿಯೇ ಎಂದು ನನಗೆ ಇನ್ನೂ ಸಮಾಧಾನವಾಗಿಲ್ಲ.

4. ತಂದೆಯ ಹೆಸರಿಲ್ಲ ಎಂದು ಜನನ ನೋಂದಣಿ ತಡೆಯಬೇಡಿ.

ಹುಟ್ಟಿದ 21 ದಿನಗಳೊಳಗೆ ನೋಂದಣಿಯಾಗಬೇಕು. ಮದುವೆಯಾಗದ ತಾಯಿ ಪ್ರಮಾಣಪತ್ರ ಕೇಳಿದರೆ ಅಫಿಡವಿಟ್ ಪಡೆದು ಕೊಡಬೇಕು, ತಂದೆಯ ಹೆಸರಿಗೆ ಒತ್ತಾಯಿಸಬಾರದು ಎಂಬುದು 2015ರ ಸುಪ್ರೀಂ ಕೋರ್ಟಿನ ತೀರ್ಪು. ತುಳುನಾಡಿನಲ್ಲಿ ತಾಯಿಯ ಕಡೆಯಿಂದ ವಂಶ ಹಿಡಿಯುವ ಅಳಿಯಕಟ್ಟಿನ ಮನೆಗಳಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ, ಹಾಗಾಗಿ ಮಗುವಿಗೆ ಅಲ್ಲಿ ಜಾಗ ಇದ್ದೇ ಇದೆ. ಆದರೆ ಅದನ್ನೇ ಹಿಡಿದು "ತಾಯಿ ಮನೆಯ ಮಗು, ಅವರೇ ಸಾಕಲಿ" ಎಂದು ಗಂಡಿನ ಕಡೆಯವರು ಜಾರಿಕೊಳ್ಳುವುದು ತಪ್ಪು. ಬಳಿ ತಾಯಿಯದಾದರೂ ಶಾಲೆಯ ಫೀಸಿನಲ್ಲಿ ತಂದೆಯ ಪಾಲಿದೆ.

5. ಆದೇಶ ಸಿಕ್ಕಿದ ಮೇಲೂ ತಿಂಗಳು ತಿಂಗಳು ಲೆಕ್ಕ ಇಡಿ.

ಒಬ್ಬ ತಾಯಿ "ಅಕ್ಕಾ, ಅವನು ಮುಂದಿನ ತಿಂಗಳು ಒಟ್ಟಿಗೆ ಕೊಡುತ್ತಾನಂತೆ" ಎಂದಾಗ ನಾನು ಹೂಂಗುಟ್ಟಿದ್ದೆ. ಆದರೆ ಬಾಕಿ ವಸೂಲಿಗೆ ವಾರಂಟು ಬೇಕಾದರೆ, ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಗಡುವು ದಾಟಿ ಅವಳ ಹಳೆಯ ಬಾಕಿಗೆ ಈ ದಾರಿ ಮುಚ್ಚಿಹೋಯಿತು. ಈಗ ಎಲ್ಲರಿಗೂ ಒಂದು ಪುಸ್ತಕದಲ್ಲಿ ಬಂದ ತಿಂಗಳು, ಬಾರದ ತಿಂಗಳು ಬರೆದಿಡಲು ಹೇಳುತ್ತೇನೆ, ದುಡ್ಡನ್ನು ಕೈಯಲ್ಲಿ ತೆಗೆದುಕೊಳ್ಳದೆ ಬ್ಯಾಂಕ್ ಖಾತೆಗೇ ಹಾಕಿಸಿ ಎನ್ನುತ್ತೇನೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಯಾರೂ ಹಿಂದೆ ಸರಿಯುವುದು ಬೇಡ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ ಕೇಳಬಹುದು, ಪುತ್ತೂರಿಗೆ ಬರಲಾಗದವರು 15100ಕ್ಕೆ ಫೋನ್ ಮಾಡಬಹುದು.